ಹನ್ನೆರಡು ಕಂಬ

“ನಿಮ್ಮ ಸಾಹುಕಾರ್ರು ದಾರಿ ತಪ್ಪಿರ್ಬೇಕು ಕಣಪ್ಪ, ಅದಕ್ಕೇ ಒಂದು ಬೋರ್ಡು ಬರ್ಕೊಂಡು ಬಂದೆ,” ಎಂದ ಪೇಂಟರು, ಬಸ್ ಡಿಪೋದ ಊಟದ ಹಾಲಿನ ನಟ್ಟನಡುವೆ ನಿಂತು.

ಬಸ್ಸಿನ ಹಣೆಗೆ ಕಟ್ಟುವ ತಗಡಿನ ಬೋರ್ಡು ಅದು. ಹಳದಿ ಬಳಿದು, ಮೇಲೆ ಕಪ್ಪಕ್ಷರದಲ್ಲಿ ‘ಹಳ್ಳ – ವಿಶ್ವಕಪ್, ನೇರ ಬಸ್ಸು’ ಎಂದು ಬರೆದಿದ್ದ. ಅದರ ಕೆಳಗೆ ಸಣ್ಣದಾಗಿ ‘ನಡುವೆ ಎಲ್ಲೂ ನಿಲ್ಲುವುದಿಲ್ಲ’. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಡಿಪೋದ ಮುನ್ನೂರು ಬಸ್ಸಿನ ಬೋರ್ಡೂ ಅವನ ಕೈಬರಹವೇ. ಅದನ್ನು ತಂದು ಗ್ಯಾಸ್ ಕಟ್ಟರಿನವನ ಊಟದ ಡಬ್ಬಿಗೆ ಒರಗಿಸಿ ನಿಲ್ಲಿಸಿದ. ಬಾಡಿ ಸೆಕ್ಷನ್ನಿನವರು, ಇಂಜಿನ್ನಿನವರು, ಟಯರಿನವರು, ಒಟ್ಟು ಅರವತ್ತು ಎಪ್ಪತ್ತು ಜನ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಇತ್ತ ತಿರುಗಿದರು.

“ಬಸ್ಸು ಮಾತ್ರ ಇನ್ನೂ ಹುಟ್ಟಿಲ್ಲ. ಹುಟ್ಟಿದ ದಿವ್ಸ ನೀನೇ ಕಟ್ಕೊಂಬಿಡು. ಕೂರೋಕೆ ಸೀಟು ಕೇಳ್ಬೇಡ. ನಿಂತ್ಕೊಂಡೇ ಇರೋದು ನಿಮ್ಮೋರಿಗೆ ಈಗ ರೂಢಿ ಆಗಿದೆಯಲ್ಲ.”

ಆ ಕೊನೆಯ ಮಾತಿಗೆ ಹಾಲಿನ ಶೀಟು ಹಾರಿಹೋಗುವಷ್ಟು ನಗು. ಗುಡ್ಡದವರು ಬೆಂಚು ಕುಟ್ಟಿದರು. ಹಳ್ಳದವರು ಡಬ್ಬಿಯೊಳಗೆ ಮುಖ ಇಳಿಸಿದರು. ಗ್ಯಾಸಿನವನು ಎದ್ದು ನಿಂತ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಏಳನೇ ಕ್ಲಾಸಿಗೆ ಸ್ಕೂಲಿಗೆ ಕೈ ಮುಗಿದು, ಹದಿನೆಂಟಕ್ಕೆ ಕಬ್ಬಿಣ ಕೊಯ್ಯುವ ಗ್ಯಾಸ್ ಕಟ್ಟರು ಹಿಡಿದವನು, ಈಗ ಇಪ್ಪತ್ತಾರು. ಬಾಯಿ ಡಿಪೋದಲ್ಲೇ ಹೆಸರುವಾಸಿ. ಒಂದು ವರ್ಷದ ಹಿಂದಾಗಿದ್ದರೆ ಆ ಬೋರ್ಡನ್ನು ಬಗ್ಗಿಸಿ ಪೇಂಟರನ ಕೊರಳಿಗೇ ತೊಡಿಸುತ್ತಿದ್ದ. ಈಗ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

“ಗುರುವಾರ ಬಾ,” ಎಂದ. “ಸೀಟು ತೋರಿಸ್ತೀನಿ.”

ಕೂತು ಊಟ ಮುಂದುವರಿಸಿದ.

ಊರಿಗೆ ಫುಟ್‌ಬಾಲ್ ಕ್ಲಬ್ಬು ಎರಡು. ಮೇಲಿನ ಬಡಾವಣೆಯವರದು ಗುಡ್ಡದ ಕ್ಲಬ್ಬು, ತಗ್ಗಿನ ಬೀದಿಗಳವರದು ಹಳ್ಳದ ಕ್ಲಬ್ಬು. ಎರಡೂ ಒಂದೇ ಲೀಗಿನಲ್ಲಿ, ಅದೂ ಮೂರನೇ ದರ್ಜೆಯ ಲೀಗಿನಲ್ಲಿ, ಒಂದನ್ನೊಂದು ಕಚ್ಚಿಕೊಂಡು ಬಿದ್ದಿದ್ದವು. ಹಳ್ಳಕ್ಕೆ ಎಪ್ಪತ್ತೊಂದು ವರ್ಷ ವಯಸ್ಸು. ಗೆದ್ದದ್ದು ಒಂದೇ ಕಪ್ಪು, ಅದರ ಒಂದು ಕಿವಿ ಮುರಿದಿತ್ತು. ಹೀಗಿರುವಾಗ ಹೋದ ವರ್ಷ ಸುದ್ದಿ ಹುಟ್ಟಿತು: ಹಡಗು ಕಂಪನಿಯ ದೊಡ್ಡ ಕುಳವೊಂದು ಹಳ್ಳದ ಕ್ಲಬ್ಬನ್ನು ಕೊಂಡುಕೊಳ್ಳುತ್ತದಂತೆ. ಲೋಕದಲ್ಲಿ ಇಷ್ಟೊಂದು ಕ್ಲಬ್ಬು ಇರುವಾಗ ಈ ಕೆಸರುಗುಂಡಿಯೇ ಯಾಕೆ ಎಂದು ಯಾರೂ ಕೇಳಲಿಲ್ಲ. ಮೂರು ಜನ ಬಂದರು. ಬೂಟಿಗೆ ಮಣ್ಣು ತಾಗದ ಹಾಗೆ ಅಂಗಳದ ಅಂಚಿನಲ್ಲೇ ನಡೆದರು, ಅಲ್ಲಲ್ಲಿ ನಿಂತು ಆಕಾಶ ನೋಡಿದರು, ನಾಲ್ಕು ಫೋಟೋ ತೆಗೆದುಕೊಂಡರು, ಹೋದರು. ಅಷ್ಟಕ್ಕೇ ಹಳ್ಳದವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಲವತ್ತು ಸಾವಿರ ಸೀಟಿನ ಸ್ಟೇಡಿಯಂ ಎಂದರು. ಬೇಕಾದಾಗ ಮುಚ್ಚಿ ಬೇಕಾದಾಗ ತೆರೆಯುವ ಚಾವಣಿ ಎಂದರು. ತಗ್ಗಿನ ಬೀದಿಯ ಜನವೆಲ್ಲ ಸೇರಿಸಿದರೂ ಒಂಬತ್ತು ಸಾವಿರ ದಾಟದು, ಉಳಿದ ಸೀಟಿಗೆ ಯಾರು ಎಂಬ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಕ್ಷೌರದ ಅಂಗಡಿಯಲ್ಲಿ ಯಾವ ಯಾವ ಆಟಗಾರರನ್ನು ತರಿಸಬೇಕೆಂದು ದಿನಾ ಚರ್ಚೆ. ಜಗತ್ತಿಗೇ ಗೊತ್ತಿದ್ದ ಒಬ್ಬ ಆಟಗಾರನನ್ನು ಕ್ಷೌರಿಕ, ಮೂವತ್ತೊಂದಾಯಿತು, ಮಂಡಿ ಸವೆದಿರುತ್ತದೆ, ನಮಗೆ ಬೇಡ ಎಂದು ಕತ್ತರಿ ಆಡಿಸುತ್ತಲೇ ತಳ್ಳಿಹಾಕಿದ. ಗ್ಯಾಸಿನವನಂತೂ ಇದೇ ಊಟದ ಹಾಲಿನಲ್ಲಿ ಬೆಂಚು ಹತ್ತಿ, ಇನ್ನೆರಡು ವರ್ಷಕ್ಕೆ ಗುಡ್ಡದ ಕ್ಲಬ್ಬನ್ನೂ ಸೇರಿಸಿ ಕೊಂಡುಕೊಳ್ಳುತ್ತೇವೆ, ನಿಮ್ಮ ಅಂಗಳದಲ್ಲಿ ನಮ್ಮ ಆಟಗಾರರ ಕಾರು ನಿಲ್ಲಿಸುತ್ತೇವೆ, ಪೇಂಟರೇ ಬಂದು ಅದಕ್ಕೆ ಬಿಳಿ ಗೆರೆ ಹೊಡೆದುಕೊಡಬೇಕು ಎಂದು ಭಾಷಣ ಬಿಗಿದಿದ್ದ.

ಗುಡ್ಡದವರಿಗೆ ಬೇಕಾದದ್ದು ಇದೇ. ಆ ಸಲದ ಹಳ್ಳ–ಗುಡ್ಡ ಪಂದ್ಯಕ್ಕೆ ಐವತ್ತು ಜನ ಎಲ್ಲಿಂದಲೋ ಹಳೇ ಕೋಟು ತಂದು ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲೊಂದು ಖಾಲಿ ಪೆಟ್ಟಿಗೆ ಹಿಡಿದು ಬಂದರು. ಪ್ರತಿಯೊಬ್ಬನೂ ನಾನೇ ಸಾಹುಕಾರ ಎಂದು ಗೇಟಿನಲ್ಲಿ ಪರಿಚಯ ಹೇಳಿಕೊಂಡ. ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ಗ್ಯಾಸಿನವನ ಅಕ್ಕನನ್ನು ಒಬ್ಬ, ಈ ಕಿಟಕಿ ಎಷ್ಟಕ್ಕೆ ಕೊಡುತ್ತೀ ಎಂದು ಕೇಳಿದ. ಹಿಂದಿನವನು ಟೇಪು ತೆಗೆದು ಗೋಲ್‌ಕೀಪರನ ಭುಜ ಅಳೆಯಲು ಹೋದ. ಹಳ್ಳ ಮೂರು ಗೋಲಿನಿಂದ ಸೋತಿತು. ಕೋಟಿನವರು ಎದ್ದು ನಿಂತು, ವ್ಯವಹಾರ ಕುದುರಿತು ಎಂಬಂತೆ ಪರಸ್ಪರ ಕೈ ಕುಲುಕಿದರು.

ಆ ಉರಿ ಇನ್ನೂ ಆರಿರಲಿಲ್ಲ, ಸಾಹುಕಾರರ ಮಧ್ಯವರ್ತಿಯ ಕಾಗದ ಬಂತು. ಜಾಗ ಪೂರ್ತಿ ಖಾಲಿ ಮಾಡಿಟ್ಟರೆ ಸಾಹುಕಾರರು ಬಂದು ಸಹಿ ಹಾಕುತ್ತಾರೆ, ಮುಂದಿನದೆಲ್ಲ ಅವರದು ಎಂದಿತ್ತು. ಕ್ಲಬ್ಬಿನ ಕಾರ್ಯದರ್ಶಿ, ಔಷಧಿ ಅಂಗಡಿಯವನು, ಅದನ್ನು ಅಂಗಡಿಯ ಗಾಜಿಗೆ ಅಂಟಿಸಿದ. ಖಾಲಿ ಮಾಡಲು ಅಲ್ಲಿ ಇದ್ದದ್ದಾದರೂ ಏನು? ಒಂದೇ ಒಂದು ಸ್ಟ್ಯಾಂಡು. ಹನ್ನೆರಡು ಕಬ್ಬಿಣದ ಕಂಬ, ಮೇಲೆ ಶೀಟು, ಕೆಳಗೆ ಆರುನೂರು ಜನ ಕೂರುವ ಮರದ ಮೆಟ್ಟಿಲು. ಮೂವತ್ತಮೂರು ವರ್ಷದ ಹಿಂದೆ ಡಿಪೋದ ಕೆಲಸಗಾರರು ಭಾನುವಾರ ಭಾನುವಾರ ಬಂದು ನಿಲ್ಲಿಸಿದ್ದು. ಮುಂದೆ ನಿಂತು ನಿಲ್ಲಿಸಿದವನು ಗ್ಯಾಸಿನವನ ಅಪ್ಪ.

ಅಪ್ಪ ಅದೇ ವರ್ಕ್‌ಶಾಪಿನಲ್ಲಿ ಹೆಡ್ ಫಿಟ್ಟರ್ ಆಗಿದ್ದವನು. ನಿವೃತ್ತನಾಗಿ ಆರು ವರ್ಷ. ಎರಡು ವರ್ಷದಿಂದ ಕೈ ನಡುಗುತ್ತದೆ. ಲೋಟ ಎತ್ತಿದರೆ ಅರ್ಧ ನೀರು ಅಂಗಿಗೆ. ಮಗ ಕಟ್ಟರು, ಸಿಲಿಂಡರು ಗಾಡಿಗೆ ಹೇರುವುದನ್ನು ನೋಡಿ ಬಾಗಿಲಿಗೆ ಬಂದ.

“ಬಿಚ್ಚಿ ತೆಗಿ. ಕತ್ತರಿಸ್ಬೇಡ.”

ಬಿಚ್ಚುವುದೆಂದರೆ ಕಂಬಕ್ಕೆ ನಾಲ್ಕರಂತೆ ನಲವತ್ತೆಂಟು ನಟ್ಟು, ಮೂವತ್ತಮೂರು ವರ್ಷದ ತುಕ್ಕು. ಎಣ್ಣೆ ಬಿಡಬೇಕು, ಕಾಯಬೇಕು, ತಟ್ಟಬೇಕು, ಮತ್ತೆ ಎಣ್ಣೆ ಬಿಡಬೇಕು. ಒಂದು ತಿಂಗಳ ಕೆಲಸ. ಸಾಹುಕಾರ ತಿಂಗಳು ಕಾಯುವವನಾ? ಗುಜರಿಗೆ ಹೋಗುವ ಕಬ್ಬಿಣಕ್ಕೆ ಇಷ್ಟು ಉಪಚಾರ ಯಾಕೆ, ವಾಪಸ್ಸು ಹಾಕುವವರು ಯಾರು ಎಂದು ಮಗ ರೇಗಿದ. ಅಪ್ಪ ಎರಡನೇ ಸಲ ಹೇಳಲಿಲ್ಲ. ಎರಡು ಸಲ ಹೇಳುವ ಅಭ್ಯಾಸ ಅವನಿಗೆ ಡಿಪೋದಲ್ಲಿದ್ದಾಗಲೂ ಇರಲಿಲ್ಲ.

ಎರಡೇ ಭಾನುವಾರ ಸಾಕಾಯಿತು. ಗ್ಯಾಸಿನವನು ಬುಡಕ್ಕೇ ಹಚ್ಚಿದ, ಕಾಂಕ್ರೀಟಿನಿಂದ ನಾಲ್ಕು ಬೆರಳು ಮೇಲೆ. ನೀಲಿ ಜ್ವಾಲೆಗೆ ಕಬ್ಬಿಣ ಬೆಣ್ಣೆಯ ಹಾಗೆ ಬಿಟ್ಟುಕೊಂಡಿತು. ಕಾವಿಗೆ ಕೆಳಗಿನ ಕಾಂಕ್ರೀಟು ಚಟಚಟ ಸಿಡಿದು ಚೂರು ಅವನ ಕಾಲಿಗೆ ಹೊಡೆಯುತ್ತಿತ್ತು. ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದೊಂದು ಕಂಬ ಉರುಳಿದಾಗಲೂ ಸುತ್ತ ನಿಂತ ಜನ ಗೋಲು ಹೊಡೆದಂತೆ ಕೂಗಿದರು. ಹೆಂಗಸರು ಮಕ್ಕಳನ್ನೆತ್ತಿ ತೋರಿಸಿದರು. ಹನ್ನೆರಡನೆಯದು ಬಿದ್ದಾಗ ಅವನನ್ನು ಹೆಗಲ ಮೇಲೆ ಹೊತ್ತು ಅಂಗಳ ಸುತ್ತಿಸಿದರು. ಅವನ ಬದುಕಿನಲ್ಲಿ ಅಷ್ಟು ಎತ್ತರದಿಂದ ಆ ಅಂಗಳವನ್ನು ನೋಡಿದ್ದು ಅದೊಂದೇ ಸಲ.

ಆಮೇಲೆ ಮಧ್ಯವರ್ತಿ ಫೋನು ಎತ್ತುವುದನ್ನು ನಿಲ್ಲಿಸಿದ. ಒಂದು ದಿನ ಪತ್ರಿಕೆಯ ಆಟದ ಪುಟದ ಮೂಲೆಯಲ್ಲಿ, ಹಡಗಿನ ಸಾಹುಕಾರ ಸಮುದ್ರದಾಚೆಯ ಯಾವುದೋ ಊರಿನ ಕ್ಲಬ್ಬನ್ನು ಕೊಂಡ ಸುದ್ದಿ ನಾಲ್ಕು ಸಾಲಿನಲ್ಲಿ ಬಂತು. ಹಳ್ಳದ ಹೆಸರೇ ಅದರಲ್ಲಿ ಇರಲಿಲ್ಲ. ಔಷಧಿ ಅಂಗಡಿಯವನು ಗಾಜಿನ ಮೇಲಿನ ಕಾಗದವನ್ನು ಬ್ಲೇಡಿನಿಂದ ಕೆರೆದು ತೆಗೆದ. ಅಂಟು ಹಾಗೇ ಉಳಿಯಿತು. ಹಳ್ಳದ ಪಂದ್ಯಗಳನ್ನು ಜನ ಬಯಲಲ್ಲಿ ನಿಂತು ನೋಡಿದರು. ಲೀಗಿನವರಿಂದ ಇನ್ನೊಂದು ಕಾಗದ ಬಂತು. ಐನೂರು ಸೀಟಿನ, ಮಾಡು ಇರುವ ಸ್ಟ್ಯಾಂಡು ಇಲ್ಲದ ಕ್ಲಬ್ಬಿಗೆ ಲೀಗಿನಲ್ಲಿ ಜಾಗವಿಲ್ಲ. ಎರಡು ತಿಂಗಳಲ್ಲಿ ತಪಾಸಣೆ.

ಗ್ಯಾಸಿನವನು ಡಿಪೋ ಮ್ಯಾನೇಜರನ ಕಾಲು ಹಿಡಿಯುವುದೊಂದು ಬಾಕಿ ಇಟ್ಟ. ಹಿತ್ತಲಲ್ಲಿ ಹುಲ್ಲು ಬೆಳೆದು ನಿಂತಿದ್ದ ರದ್ದಾದ ಹತ್ತು ಬಸ್ಸುಗಳನ್ನು ಬೇಡಿ ಪಡೆದ. ಬಸ್ಸಿಗೆ ಐವತ್ತು ಸೀಟು, ಹತ್ತು ಬಸ್ಸಿಗೆ ಐನೂರು. ದಿನಾ ಪಾಳಿ ಮುಗಿದ ಮೇಲೆ ಬೆಳಕು ಇರುವವರೆಗೂ ಕೆಲಸ. ಬಸ್ಸಿನ ತಳದ ಛಾಸಿಯ ಉದ್ದನೆಯ ಕಬ್ಬಿಣದ ಚಾನೆಲ್ಲುಗಳು ಕಂಬವಾದವು, ಬಸ್ಸಿನ ಮಾಡೇ ಸ್ಟ್ಯಾಂಡಿನ ಮಾಡಾಯಿತು. ಹಳೇ ಕಂಬದ ನಾಲ್ಕು ಬೆರಳು ಮೋಟಿನ ಮೇಲೆ ಪ್ಲೇಟು ಕೂರಿಸಿ ಹೊಸ ಕಂಬ ಬೆಸೆದ. ಬುಡದ ಕಾಂಕ್ರೀಟು ಬಿರಿದಿದ್ದಲ್ಲೆಲ್ಲ ಸಿಮೆಂಟು ಮೆತ್ತಿದ. ಗುಡ್ಡದವರು ಬೇಲಿಯ ಹೊರಗೆ ನಿಂತು, “ರೈಟ್, ರೈಟ್,” “ಮುಂದಕ್ಕೆ ಹೋಗ್ರಪ್ಪ, ಒಳಗೆ ಖಾಲಿ ಇದೆ,” ಎನ್ನುತ್ತಿದ್ದರು. ಒಬ್ಬ ಗೋಲ್‌ಕೀಪರನಿಗೆ ಅರ್ಧ ಟಿಕೆಟ್ಟು ಸಾಕಾ ಎಂದು ಕೇಳಿದ. ಗ್ಯಾಸಿನವನು ಮುಖಕ್ಕೆ ಶೀಲ್ಡು ಇಳಿಸಿಕೊಂಡು ಬೆಸೆಯುತ್ತಲೇ ಇದ್ದ. ಅಂಥ ಬೆಸುಗೆಯನ್ನು ಅವನು ಸಂಬಳಕ್ಕೆಂದು ಎಂದೂ ಹಾಕಿರಲಿಲ್ಲ.

ಅಪ್ಪ ಮೂರನೇ ವಾರದಿಂದ ಬರತೊಡಗಿದ. ನಡುಗುವ ಕೈಯಿಂದ ಏಣಿ ಹಿಡಿದು ನಿಲ್ಲುತ್ತಿದ್ದ. ಏಣಿಯೂ ಸಣ್ಣಗೆ ನಡುಗುತ್ತಿತ್ತು. ಮೇಲಿದ್ದ ಮಗನಿಗೆ ಅಂಗಾಲಿನಲ್ಲಿ ಅದು ತಿಳಿಯುತ್ತಿತ್ತು. ಒಂದು ಸಂಜೆ ಮಾತ್ರ ಬುಡದ ಸಿಮೆಂಟಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಮಗನ ಮುಖ ನೋಡಿದ. ಒಳಗೆ ಪೊಳ್ಳು ಇದೆಯೇ ಎಂದು ಮಗ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ತಪಾಸಣೆಯವನು ಬಂದ. ಕುಳ್ಳಗೆ, ಬೊಕ್ಕ ತಲೆ, ಜೇಬಿನಲ್ಲಿ ಪುಟ್ಟ ಸುತ್ತಿಗೆ. ಬೀದಿಯ ಇನ್ನೂರು ಜನ ಬಂದು ಅಂಚಿನಲ್ಲಿ ನಿಂತಿದ್ದರು. ಡಿಪೋದಿಂದ ರಜೆ ಹಾಕಿ ಬಂದವರಿದ್ದರು. ಅವನು ಸೀಟು ಎಣಿಸಿದ. ಬಸ್ಸಿನ ಸೀಟೆಂದು ನಗಲಿಲ್ಲ. ಏಣಿ ಹತ್ತಿ ಬೆಸುಗೆಗಳನ್ನು ಒಂದೊಂದಾಗಿ ಉಗುರಿನಿಂದ ಗೀರಿ ನೋಡಿದ. ಇಳಿದು ಬಂದು, ಬೆಸುಗೆ ಯಾರದು ಎಂದು ಕೇಳಿದ. ಔಷಧಿ ಅಂಗಡಿಯವನು ಗ್ಯಾಸಿನವನನ್ನು ಮುಂದಕ್ಕೆ ತಳ್ಳಿದ. ತಪಾಸಣೆಯವನು ಒಳ್ಳೆಯ ಕೆಲಸ ಎಂದ. ಆ ಒಂದು ಮಾತಿಗೆ ಗುಂಪಿನಲ್ಲಿ ಉಸಿರು ಬಿಟ್ಟ ಸದ್ದು ಎಲ್ಲರಿಗೂ ಕೇಳಿಸಿತು.

ಆಮೇಲೆ ಅವನು ಕುಕ್ಕರಗಾಲಲ್ಲಿ ಕೂತು ಮೊದಲ ಕಂಬದ ಬುಡಕ್ಕೆ ಸುತ್ತಿಗೆಯಿಂದ ತಟ್ಟಿದ. ಮತ್ತೆ ತಟ್ಟಿದ. ಮೆತ್ತಿದ ಸಿಮೆಂಟು ಹಪ್ಪಳದ ಹಾಗೆ ಎದ್ದು ಬಂತು. ಅದರ ಕೆಳಗೆ ಹಳೇ ಕಾಂಕ್ರೀಟು ಕಾವಿಗೆ ಬಿರಿದು, ಬೆರಳು ಹಾಕಿದರೆ ಉದುರುವಂತೆ ಬಾಯಿ ಬಿಟ್ಟುಕೊಂಡಿತ್ತು. ಎರಡನೇ ಕಂಬ. ಮೂರನೆಯದು. ಒಂದೊಂದಕ್ಕೂ ಎರಡೇ ಪೆಟ್ಟು. ಏಳನೇ ಕಂಬದ ಹತ್ತಿರ ಅವನು ಎದ್ದು ಮಂಡಿಯ ಮಣ್ಣು ಕೊಡವಿಕೊಂಡ.

“ಗ್ಯಾಸ್ ಹಚ್ಚಿ ಕತ್ತರಿಸಿದ್ದು ಯಾರು ಇದನ್ನ? ನಟ್ಟು ಬಿಚ್ಚಿದ್ರೆ ಅದೇ ಬೋಲ್ಟಿಗೆ ಹೊಸ ಕಂಬ ಕೂರ್ತಿತ್ತಲ್ಲ. ಬುಡ ಸುಟ್ಟ ಕೈಯೇ ಮೇಲೆ ಬೆಸೆದಿದ್ರೆ, ನಾನು ಉಳಿದದ್ದು ನೋಡೋದೂ ಬೇಡ, ಈಗ್ಲೇ ಹೊರಟೆ.”

ಇನ್ನೂರು ಜನಕ್ಕೂ ಗೊತ್ತಿತ್ತು. ಹೆಗಲ ಮೇಲೆ ಹೊತ್ತವರು ಅಲ್ಲೇ ಇದ್ದರು. ಗ್ಯಾಸಿನವನು ಹೇಳಬೇಕು ಎಂದುಕೊಂಡ. ನಾನು ಎಂಬುದು ಎರಡೇ ಅಕ್ಷರ. ಅಷ್ಟರಲ್ಲಿ ಏಣಿಯ ಪಕ್ಕದಿಂದ ಅಪ್ಪ ಮುಂದೆ ಬಂದ.

“ಕತ್ತರಿಸಿದ್ದು ನಾನು ಸ್ವಾಮಿ. ಬೆಸೆದಿದ್ದು ಇವನು.”

ತಪಾಸಣೆಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕೈ ನಡುಗುವುದು ಕಾಣದಿರಲೆಂದು ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಏನು ಕೆಲಸ ಮಾಡಿಕೊಂಡಿದ್ದಿರಿ ಎಂದು ಅವನು ಕೇಳಿದ. ಹೆಡ್ ಫಿಟ್ಟರ್ ಎಂದು ಅಪ್ಪ ಹೇಳಿದ.

“ಹೆಡ್ ಫಿಟ್ಟರ್,” ಎಂದ ತಪಾಸಣೆಯವನು. “ಇಂಥ ತಲೆ ಇಟ್ಕೊಂಡು ಯಾವ ಬಸ್ಸು ರಿಪೇರಿ ಮಾಡಿದ್ರಿ ಯಜಮಾನ್ರೇ? ಅದ್ರಲ್ಲಿ ಕೂತೋರು ಬದುಕಿದಾರಾ?”

ಅಪ್ಪ ತಲೆ ತಗ್ಗಿಸಿ ಹೌದೆಂಬಂತೆ ನಿಂತ. ಮೂವತ್ತನಾಲ್ಕು ವರ್ಷದಲ್ಲಿ ಅವನ ಕೈ ದಾಟಿಹೋದ ಒಂದು ಬಸ್ಸೂ ದಾರಿಯಲ್ಲಿ ಬ್ರೇಕು ತಪ್ಪಿರಲಿಲ್ಲ. ಅದು ಅಲ್ಲಿದ್ದ ಡಿಪೋದವರಿಗೆಲ್ಲ ಗೊತ್ತಿತ್ತು. ತಪಾಸಣೆಯವನು ಉಳಿದ ಐದು ಕಂಬಗಳನ್ನೂ ನೋಡಿದ. ಅಪ್ಪನ ಸುಳ್ಳಿನಿಂದ ಗಿಟ್ಟಿದ್ದು ಅಷ್ಟೇ, ಉಳಿದ ಐದು ಕಂಬ. ಅವುಗಳ ಬುಡವೂ ಉದುರಿತು. ಸಂಜೆಗೆ ಅಕ್ಕ ಗೇಟಿನ ಟಿಕೆಟ್ ಕಿಟಕಿಗೆ ಒಳಗಿನಿಂದ ಅಗುಳಿ ಹಾಕಿ ಬಂದಳು.

ಆ ರಾತ್ರಿ ಊಟಕ್ಕೆ ಕೂತಾಗ ಮಗ ಬಾಯಿ ತೆರೆದ. ಅಪ್ಪ, ನೀನು ಯಾಕೆ ಎಂದು ಶುರು ಮಾಡಿದ. ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೀರು ಕುಡಿದು ಕೆಳಗಿಟ್ಟು, ಅನ್ನ ಆರುತ್ತದೆ, ತಿನ್ನು ಎಂದ. ಅಕ್ಕ ತಟ್ಟೆಯಿಂದ ತಲೆಯೆತ್ತಿ ತಮ್ಮನನ್ನು ನೋಡಿದಳು. ಬೈಯುತ್ತಾಳೆಂದು ಕಾದ. ಅವಳು ಅವನ ತಟ್ಟೆಗೆ ಸಾರು ಬಡಿಸಿದಳು.

ಸೋಮವಾರ ಲೀಗಿನವರ ತೀರ್ಮಾನ ಬಂತು. ಹಳ್ಳದ ಕ್ಲಬ್ಬು ಹೊರಗೆ. ಎಪ್ಪತ್ತೊಂದು ವರ್ಷವನ್ನು ಒಂದೂವರೆ ಪುಟದಲ್ಲಿ ಮುಗಿಸಿದ್ದರು. ನಿವೃತ್ತ ಫಿಟ್ಟರೊಬ್ಬರು ತಿಳಿಗೇಡಿತನದಿಂದ ಕಂಬಗಳನ್ನು ಕತ್ತರಿಸಿ ತಳಪಾಯ ಹಾಳುಗೆಡವಿದ್ದಾರೆ ಎಂದು ಕಾರಣ ಬರೆದು, ಅಪ್ಪನ ಹೆಸರನ್ನು ತಂದೆಯ ಹೆಸರಿನ ಸಮೇತ ಹಾಕಿದ್ದರು. ಔಷಧಿ ಅಂಗಡಿಯವನು ಅದನ್ನು ಗಾಜಿನ ಅದೇ ಅಂಟಿನ ಕಲೆಯ ಮೇಲೆ ಅಂಟಿಸಿದ. ಮೊದಲ ದಿನ ಜನ ಓದಿ ಸುಮ್ಮನೆ ಹೋದರು. ಎರಡನೇ ದಿನ, ಮುದುಕನೂ ಸ್ವಲ್ಪ ಅವಸರ ಮಾಡಿದ ಬಿಡಿ ಎಂದು ಯಾರೋ ಅಂದರು. ಮೂರನೇ ದಿನ ಕ್ಷೌರದ ಅಂಗಡಿಯಲ್ಲಿ ಅದೇ ಮಾತು ನಿಜದ ಹಾಗೆ ಓಡಾಡುತ್ತಿತ್ತು. ತಾವು ಕೂಗಿ ಕುಣಿದದ್ದು, ಹೆಗಲ ಮೇಲೆ ಹೊತ್ತು ಸುತ್ತಿಸಿದ್ದು ಯಾರಿಗೂ ಬೇಡವಾಗಿತ್ತು. ಒಬ್ಬ ಮುದುಕನ ತಲೆಗೆ ಕಟ್ಟಿದರೆ ಇನ್ನೂರು ಜನ ನಿದ್ದೆ ಮಾಡಬಹುದು. ಅಪ್ಪ ಔಷಧಿ ಅಂಗಡಿಗೆ ಮಾತ್ರೆಗೆಂದು ಹೋದವನು, ಬಾಗಿಲಲ್ಲಿ ನಿಂತಿದ್ದ ನಾಲ್ಕು ಜನ ಮಾತು ನಿಲ್ಲಿಸಿದ್ದು ಕಂಡು ಮಾತ್ರೆ ಕೊಳ್ಳದೆ ತಿರುಗಿ ಬಂದ. ಬಂದವನು ಅದನ್ನು ಮನೆಯಲ್ಲಿ ಹೇಳಲಿಲ್ಲ. ಅಕ್ಕನಿಗೆ ಬೇರೆಯವರಿಂದ ತಿಳಿಯಿತು.

ಡಿಪೋದಲ್ಲಿ ಆ ವಾರವಿಡೀ ಯಾರೂ ಗೇಲಿ ಮಾಡಲಿಲ್ಲ. ಗುಡ್ಡದವರು ಊಟದ ಹಾಲಿನಲ್ಲಿ ಅವನು ಬಂದ ಕೂಡಲೇ ಮಾತು ಬದಲಿಸುತ್ತಿದ್ದರು. ನಗುವವರ ಎದುರು ಕೂರುವುದು ಅವನಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಶನಿವಾರ ಪಾಳಿ ಮುಗಿದು ಎಲ್ಲರೂ ಕೈ ತೊಳೆಯುವ ಕಟ್ಟೆಗೆ ಬಂದರು. ಉದ್ದನೆಯ ಸಿಮೆಂಟು ಕಟ್ಟೆ, ಸಾಲಾಗಿ ಹದಿನಾಲ್ಕು ನಲ್ಲಿ. ಗ್ರೀಸು ಬಿಡಲೆಂದು ಸೋಪಿನ ಪುಡಿಗೆ ಮರದ ಹೊಟ್ಟು ಬೆರೆಸಿ ಡಬ್ಬದಲ್ಲಿಟ್ಟಿರುತ್ತಾರೆ. ಗ್ಯಾಸಿನವನು ಮೊಣಕೈವರೆಗೆ ಹಚ್ಚಿಕೊಂಡು ಉಜ್ಜುತ್ತಿದ್ದಾಗ ಪಕ್ಕದ ನಲ್ಲಿಗೆ ಪೇಂಟರು ಬಂದ. ಬೆರಳ ಹಳದಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿಕೊಳ್ಳುತ್ತ ನಿಂತ. ಆಮೇಲೆ ಕೇಳಿದ, ಎಲ್ಲರಿಗೂ ಕೇಳುವ ಹಾಗೆ, ಆದರೆ ದನಿ ಏರಿಸದೆ.

“ಕತ್ತರಿಸಿದ್ದು ನಿಮ್ಮಪ್ಪ ಅಂತ ಬರ್ದಿದಾರಂತೆ, ಹೌದಾ?”

ಸಾಲಿನ ನಲ್ಲಿಗಳು ಒಂದೊಂದಾಗಿ ಸಣ್ಣಗಾದವು.

“ನಾನು ಹೊಸದಾಗಿ ಸೇರ್ದಾಗ ಏಣಿಯಿಂದ ಬಿದ್ದು ಕೈ ಮುರ್ಕೊಂಡಿದ್ದೆ. ಎರಡು ತಿಂಗಳು ನನ್ನ ಬೋರ್ಡುಗಳಿಗೆಲ್ಲ ಅವ್ರು ಬಿಳಿ ಬಳಿದುಕೊಟ್ರು. ಯಾರಿಗೂ ಹೇಳ್ಲಿಲ್ಲ,” ಎಂದ ಪೇಂಟರು. ಬಟ್ಟೆಯನ್ನು ಕಟ್ಟೆಯ ಮೇಲಿಟ್ಟ. “ನಿಮ್ಮ ಕ್ಲಬ್ಬು ಹೋಯ್ತು, ಬಿಡು, ನಮಗೂ ಪಂದ್ಯದ ಆ ಭಾನುವಾರ ಖಾಲಿ. ಕತ್ತರಿಸಿದ್ದು ಯಾರು ಅಂತ ಈ ಒಂದು ಮಾತು ಮಾತ್ರ ಹೇಳಿಬಿಡು ಮಾರಾಯ, ಇಲ್ಲೇ, ಇವರೆಲ್ಲರ ಮುಂದೆ. ನೀನು ಹೇಳಿದ್ರೆ ನಾನೇ ನಿನ್ನ ಜೊತೆ ಬಂದು ಆ ಕಾಗದ ಹರೀತೀನಿ.”

ಪೇಂಟರನ ಮುಖದಲ್ಲಿ ನಗುವಿನ ಗೆರೆಗಾಗಿ ಗ್ಯಾಸಿನವನು ಹುಡುಕಿದ. ಅದು ಸಿಕ್ಕಿದ್ದರೆ ಮುಷ್ಟಿ ಬಿಗಿಯಬಹುದಿತ್ತು. ಅಲ್ಲಿ ಏನೂ ಇರಲಿಲ್ಲ. ಕಾಯುತ್ತಿದ್ದ ಎರಡು ಕಣ್ಣು ಇದ್ದವು, ಅಷ್ಟೇ. ಅವನ ಹಿಂದೆ ಸಾಲುಸಾಲಾಗಿ ಗುಡ್ಡದವರು, ಹಳ್ಳದವರು, ಸೋಪು ಹಚ್ಚಿದ ಕೈಗಳನ್ನು ನೀರಿನಿಂದ ದೂರ ಹಿಡಿದು ನಿಂತಿದ್ದರು.

ಅವನು ಗೋಡೆಯ ಮೊಳೆಯಿಂದ ಅಂಗಿ ತೆಗೆದು ಹೆಗಲಿಗೆ ಹಾಕಿಕೊಂಡ. ನೊರೆಗೈಯಲ್ಲೇ ಗೇಟಿನ ಕಡೆ ನಡೆದ. ಒಣಗುತ್ತಿದ್ದ ಸೋಪು ಮೊಣಕೈ ಹತ್ತಿರ ಚರ್ಮವನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಕಟ್ಟೆಯ ಮೇಲೆ ನೀರು ಸುರಿಯುತ್ತಲೇ ಇರುವ ಸದ್ದು ಗೇಟಿನವರೆಗೂ ಕೇಳಿಸಿತು. ಅಲ್ಲಿಗೆ ಬಂದಾಗ ಯಾರೋ ಅವನ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದರು.